ಗ್ಯಾರೇಜಿನವನ ಮಗಳು

ನಾನು ಅಬುಧಾಬಿಯ ಮುಸಫ್ಫದಲ್ಲಿ ಜನರೇಟರ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿದ್ದಾಗ ಅಲ್ಜೀರಿಯಾದ ಒಬ್ಬರು ಹಿರಿಯ ಮೆಕ್ಯಾನಿಕ್ ನಮ್ಮ ಜೊತೆಗಿದ್ದರು. ಅವರ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಹೆಂಗಸಿನ ಚಿತ್ರ ಅಂಟಿಸಿತ್ತು. ಗ್ರೀಸ್ ಕೈ ತಾಗಿ ಅಂಚೆಲ್ಲ ಕಪ್ಪಾಗಿದ್ದರೂ ಮುಖಕ್ಕೆ ಒಂದು ಕಲೆ ಬೀಳದ ಹಾಗೆ ನೋಡಿಕೊಂಡಿದ್ದರು. ಬಿಳಿ ಮುಖ, ಕಪ್ಪು ಕೂದಲು, ನೀಲಿ ಕಣ್ಣು. ಯಾರೋ ಯುರೋಪಿನ ಹೀರೋಯಿನ್, ಮುದುಕನ ಶೋಕಿ ನೋಡು ಎಂದು ನಾವು ಹುಡುಗರು ನಗಾಡುತ್ತಿದ್ದೆವು. ಒಂದು ದಿನ ಕೇಳಿಯೇ ಬಿಟ್ಟೆ. ಅವರು ಸ್ಪಾನರ್ ಕೆಳಗಿಟ್ಟು, "ಇವಳು ನಮ್ಮವಳು. ಗ್ಯಾರೇಜಿನವನ ಮಗಳು" ಎಂದರು.

"ನಮ್ಮವಳು" ಎಂದು ಅವರು ಹೇಳಿದ ರೀತಿ ನಮಗೆಲ್ಲ ಗೊತ್ತಿರುವಂಥದ್ದೇ. ಟಿವಿಯಲ್ಲಿ ಯಾವುದಾದರೂ ಬ್ಯಾರಿ ಹೆಸರು ಕೇಳಿದರೆ ಉಪ್ಪಳದ ನಮ್ಮ ಜಿನಸಿ ಅಂಗಡಿಯಲ್ಲಿ ಉಪ್ಪ ತಕ್ಕಡಿ ಬಿಟ್ಟು ಹಾಗೆಯೇ ಹೇಳುತ್ತಾರೆ.

ಆ ಹೆಂಗಸು ಇಸಾಬೆಲ್ ಅಜಾನಿ. ಫ್ರಾನ್ಸಿನ ಸಿನಿಮಾ ನಟಿ. ಹುಟ್ಟಿದ್ದು 1955ರ ಜೂನ್ 27ರಂದು ಪ್ಯಾರಿಸಿನಲ್ಲಿ. ಪೂರ್ತಿ ಹೆಸರಿನಲ್ಲಿ ಯಾಸ್ಮಿನಾ ಎಂಬುದೂ ಇದೆ. ತಂದೆ ಮುಹಮ್ಮದ್ ಶರೀಫ್ ಅಜಾನಿ, ಅಲ್ಜೀರಿಯಾದವರು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದವರು. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯ ಬವೇರಿಯಾದಲ್ಲಿ ಒಬ್ಬ ಜರ್ಮನ್ ಹೆಂಗಸಿನ ಪರಿಚಯವಾಗಿ, ಮದುವೆಯಾಗಿ, ಅವರನ್ನು ಪ್ಯಾರಿಸಿಗೆ ಕರೆತಂದರು. ಆಕೆಗೆ ಫ್ರೆಂಚ್‌ನ ಒಂದು ಶಬ್ದವೂ ಬರುತ್ತಿರಲಿಲ್ಲವಂತೆ. ಆದರೂ ಊರಿನ ಗಾಳಿ ಯಾವ ಕಡೆಯದೆಂದು ಬೇಗ ಗೊತ್ತಾಗಿರಬೇಕು. ಮುಹಮ್ಮದ್ ಬೇಡ, ಶರೀಫ್ ಎಂದೇ ಇಟ್ಟುಕೊಳ್ಳಿ, ಅದು ಅಮೆರಿಕದವರ ಹೆಸರಿನ ಹಾಗೆ ಕೇಳುತ್ತದೆ ಎಂದು ಗಂಡನಿಗೆ ಹೇಳಿದರು. ಫ್ರೆಂಚರ ಬಾಯಲ್ಲಿ ಅದು ಕೌಬಾಯ್ ಸಿನಿಮಾದ 'ಶೆರಿಫ್' ಆಗುತ್ತದೆ!

ಇದನ್ನು ಕೇಳಿ ವರ್ಕ್‌ಶಾಪಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಮಗಳು ಬೆಳೆದದ್ದು ಪ್ಯಾರಿಸಿನ ಹೊರಗಿನ ಜೆನ್‌ವಿಲಿಯೇಯಲ್ಲಿ. ನದಿ ಬಂದರು, ಕಾರು ಕಾರ್ಖಾನೆ, ವಿಮಾನದ ಎಂಜಿನ್ನಿಗೆ ಭಾಗಗಳನ್ನು ಎರಕ ಹೊಯ್ಯುವ ಸ್ನೆಕ್ಮಾ ಫೌಂಡ್ರಿ ಇದ್ದ ಕಾರ್ಮಿಕರ ಊರು ಅದು. ತಂದೆ ಅಲ್ಲಿನ ಗ್ಯಾರೇಜಿನಲ್ಲಿ ದುಡಿಯುತ್ತಿದ್ದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಾದ್ದರಿಂದ ಆ ಮನೆಯ ವಾಸನೆ ಸುಮಾರಾಗಿ ಅಂದಾಜು ಮಾಡಬಲ್ಲೆ: ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯಿಂದ ಹೋಗದ ಆಯಿಲಿನ ವಾಸನೆ. ಆ ಮನೆಯ ಹುಡುಗಿ 12ನೆಯ ವಯಸ್ಸಿನಲ್ಲಿ ಹವ್ಯಾಸಿ ನಾಟಕಕ್ಕೆ ಸೇರಿದಳು, 14ಕ್ಕೆ ಮೊದಲ ಸಿನಿಮಾ ಮಾಡಿದಳು. 1972ರಲ್ಲಿ, 17 ವರ್ಷಕ್ಕೆ, ಕಾಮೆಡಿ ಫ್ರಾನ್ಸೇಸ್ ಸೇರಿದಳು. 1680ರಲ್ಲಿ ರಾಜನ ಆಜ್ಞೆಯಿಂದ ಶುರುವಾದ ನಾಟಕ ಕಂಪನಿ ಅದು. ಮೋಲಿಯೇರನ ಮನೆ ಎಂದೇ ಜನ ಕರೆಯುವುದು. ಅಲ್ಲಿ ಮೋಲಿಯೇರನ ನಾಟಕದಲ್ಲೇ ಆಗ್ನೆಸ್ ಎಂಬ ಹುಡುಗಿಯ ಪಾತ್ರ ಮಾಡಿ ಹೆಸರಾದಳು. ಅಚ್ಚ ಫ್ರೆಂಚ್ ಹೇಗೆ ಮಾತಾಡಬೇಕೆಂದು ಫ್ರೆಂಚರೇ ಹೋಗಿ ಕೇಳಿಕೊಂಡು ಬರುವ ವೇದಿಕೆಯಲ್ಲಿ, ಮನೆಯಲ್ಲಿ ಅಮ್ಮನ ಜೊತೆ ಜರ್ಮನ್ ಮಾತಾಡುವ ಅಲ್ಜೀರಿಯನ್ನನ ಮಗಳು.

ಹಾಗೆ ಕಷ್ಟಪಟ್ಟು ಸಿಕ್ಕಿದ ಕೆಲಸವನ್ನು ಅವರು ಬಿಟ್ಟು ಬಂದರು. ತ್ರುಫೋ ಎಂಬ ದೊಡ್ಡ ನಿರ್ದೇಶಕ 'ಅಡೆಲ್ ಎಚ್' ಎಂಬ ಸಿನಿಮಾಕ್ಕೆ ಕರೆದಿದ್ದರು. 1975ರಲ್ಲಿ ಬಂದ ಈ ಚಿತ್ರ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋನ ಮಗಳ ನಿಜಕಥೆ. ಆಕೆ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿಯ ಹಿಂದೆ ಕೆನಡಾದ ಹ್ಯಾಲಿಫ್ಯಾಕ್ಸಿಗೆ ಹೋಗುತ್ತಾಳೆ. ಅಪ್ಪನ ಹೆಸರು ತೀರಾ ದೊಡ್ಡದು, ಅದಕ್ಕೇ ಅದನ್ನು ಮುಚ್ಚಿಟ್ಟು ಸುಳ್ಳು ಹೆಸರು ಹೇಳಿ ಬಾಡಿಗೆ ಕೋಣೆ ಹಿಡಿಯುತ್ತಾಳೆ. ಕೊನೆಗೆ ಬುದ್ಧಿ ಕಲಕಿ, ಯಾರಿಗಾಗಿ ಅಷ್ಟು ದೂರ ಹೋದಳೋ ಅವನೇ ಬೀದಿಯಲ್ಲಿ ಎದುರು ಬಂದು ನಿಂತರೂ ಗುರುತು ಹಿಡಿಯದೆ ಹಾದು ಹೋಗುತ್ತಾಳೆ. ಆ ಒಂದು ನಡಿಗೆಗಾಗಿಯಾದರೂ ನೋಡಬೇಕಾದ ಸಿನಿಮಾ. ಇದಕ್ಕೆ 20 ವರ್ಷದ ಅಜಾನಿಯ ಹೆಸರು ಆಸ್ಕರಿಗೆ ಹೋಯಿತು. ಉತ್ತಮ ನಟಿ ವಿಭಾಗದಲ್ಲಿ ಅಷ್ಟು ಚಿಕ್ಕ ವಯಸ್ಸಿನವರು ಅದಕ್ಕೆ ಮುಂಚೆ ಇರಲಿಲ್ಲ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಪ್ರಶಸ್ತಿಗಳ ಪಟ್ಟಿ ಎಲ್ಲಿಯೂ ಸಿಗುತ್ತದೆ. 1981ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಟಿ. ಫ್ರಾನ್ಸಿನ ದೊಡ್ಡ ಪ್ರಶಸ್ತಿಯಾದ ಸೀಸರ್ ಐದು ಸಲ, ಉತ್ತಮ ನಟಿಯಾಗಿ ಅದು ದಾಖಲೆ. ಶಿಲ್ಪಿ ಕಮೀಲ್ ಕ್ಲಾಡೆಲ್ ಬಗ್ಗೆ 1988ರಲ್ಲಿ ಬಂದ ಚಿತ್ರಕ್ಕೆ ಆಸ್ಕರಿನ ಅಂತಿಮ ಪಟ್ಟಿಗೆ ಎರಡನೆಯ ಸಲ ಹೋದರು. ಕಮೀಲ್ 30 ವರ್ಷ ಹುಚ್ಚಾಸ್ಪತ್ರೆಯಲ್ಲೇ ಇದ್ದು ಸತ್ತವರು. ಮಧ್ಯೆ ವರ್ಷಗಟ್ಟಲೆ ಸಿನಿಮಾ ಬಿಟ್ಟು ಮನೆಯಲ್ಲಿ ಕೂತದ್ದೂ ಇದೆ, ಓಡದ ಚಿತ್ರಗಳೂ ಇವೆ. 2023ರಲ್ಲಿ ತೆರಿಗೆ ವಂಚನೆ ಪ್ರಕರಣದಲ್ಲಿ ಪ್ಯಾರಿಸಿನ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ನಮ್ಮವಳು ಎಂದ ಮಾತ್ರಕ್ಕೆ ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ.

ನಾನು ಹೇಳಬೇಕೆಂದು ಹೊರಟದ್ದು 1986ರ ಕಥೆ. ಆ ವರ್ಷದ ಮಾರ್ಚಿನ ಚುನಾವಣೆಯಲ್ಲಿ ವಲಸಿಗರ ವಿರುದ್ಧ ಮಾತಾಡುವ ನ್ಯಾಷನಲ್ ಫ್ರಂಟ್ ಪಕ್ಷ ಫ್ರಾನ್ಸಿನ ಸಂಸತ್ತಿನಲ್ಲಿ 35 ಸೀಟು ಗೆದ್ದಿತು. ಅಲ್ಲಿಯವರೆಗೆ ಅಜಾನಿ ಎಂಬ ಹೆಸರು ಎಲ್ಲಿಯದು ಎಂದು ಹೆಚ್ಚಿನವರು ಯೋಚಿಸಿರಲಿಲ್ಲ. ಇಟಲಿಯದೋ ಏನೋ ಎಂದುಕೊಂಡಿರಬಹುದು. ಅವರು ಮುಂದೆ ಬಂದು, ನನ್ನ ತಂದೆ ಅಲ್ಜೀರಿಯದವರು ಎಂದು ಬಹಿರಂಗವಾಗಿ ಹೇಳಿದರು, ವಲಸಿಗರ ಪರವಾಗಿ ಮಾತಾಡಿದರು. ಅದೇ ಸಮಯಕ್ಕೆ ಒಂದು ಗಾಳಿಸುದ್ದಿ ಎದ್ದಿತು. ಅಜಾನಿಗೆ ಏಡ್ಸ್. ಆಸ್ಪತ್ರೆಯಲ್ಲಿದ್ದಾಳೆ. ಅಲ್ಲ, ಸತ್ತೇ ಹೋದಳು, ಮುಚ್ಚಿಟ್ಟಿದ್ದಾರೆ. ಏಡ್ಸಿಗೆ ಮದ್ದಿಲ್ಲದ, ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲ. ಫೋನು ಬಿಟ್ಟರೆ ಬಾಯಿಯೇ ಗತಿ, ವಾಟ್ಸಾಪ್ ಇಲ್ಲ, ಆದರೂ ತಿಂಗಳುಗಟ್ಟಲೆ ದೇಶವಿಡೀ ಓಡಿತು. ಕೊನೆಗೆ 1987ರ ಜನವರಿ 18ರಂದು ಟಿಎಫ್ 1 ಚಾನೆಲಿನ ರಾತ್ರಿ ವಾರ್ತೆಯಲ್ಲಿ ಅವರೇ ಬಂದು ಕೂತು, ತಾನು ಬದುಕಿದ್ದೇನೆ, ತನಗೆ ಕಾಯಿಲೆ ಇಲ್ಲ ಎಂದು ದೇಶಕ್ಕೆ ಹೇಳಬೇಕಾಯಿತು.

ಬದುಕಿರುವುದಕ್ಕೆ ಸಾಕ್ಷಿ ಹೇಳಬೇಕಾದ ಗತಿ. ಅಪ್ಪನ ಮೂಲ ಹೇಳಿದ್ದಕ್ಕೂ ಈ ಸುದ್ದಿಗೂ ನಂಟಿದೆ ಎಂದು ಅವರು ಆಮೇಲೆ ಹೇಳಿದರು. ನನಗೆ ಅದರಲ್ಲಿ ಸಂಶಯವಿಲ್ಲ. 2020ರ ಕೊರೊನಾದಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಕಾಸರಗೋಡಿನವರೆಂದರೆ ರೋಗ ಹೊತ್ತು ತರುವವರು ಎಂದಾದದ್ದು, ಬ್ಯಾರಿಗಳ ಕೈಯಿಂದ ತರಕಾರಿ ತೆಗೆದುಕೊಳ್ಳಬೇಡಿ ಎಂಬ ವಿಡಿಯೋಗಳು ಓಡಾಡಿದ್ದು ನಿಮಗೂ ನೆನಪಿದೆ. ಇಪ್ಪತ್ತು ವರ್ಷ ಉಪ್ಪನ ಹತ್ತಿರ ಸಾಲ ಬರೆಸಿದ ಮನೆಯವರು ಎರಡು ವಾರ ನಮ್ಮ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋದರು. ರೋಗದ ಸುದ್ದಿ ಯಾವಾಗಲೂ ಮೊದಲೇ ಬೇಡವಾದವನ ಮನೆಯ ವಿಳಾಸ ಹುಡುಕಿಕೊಂಡು ಹೋಗುತ್ತದೆ.

1988ರ ಅಕ್ಟೋಬರಿನಲ್ಲಿ ಅಲ್ಜೀರಿಯಾದಲ್ಲಿ ಹುಡುಗರು ಬೀದಿಗಿಳಿದಾಗ ಸೈನ್ಯ ಗುಂಡು ಹಾರಿಸಿ ನೂರಾರು ಮಂದಿ ಸತ್ತರು. ಅಜಾನಿ ಆಲ್ಜಿಯರ್ಸಿಗೆ ಹೋಗಿ ಆ ಹುಡುಗರ ಪರವಾಗಿ ನಿಂತರು. ನಮ್ಮ ಮೆಕ್ಯಾನಿಕ್ ಆಗ ಪ್ರಾಯದವರು. ಚಿತ್ರ ಮೊದಲು ಅಂಟಿಸಿದ್ದು ಆವಾಗಲೇ ಅಂತೆ. ಕೆಲವೇ ತಿಂಗಳಲ್ಲಿ, 1989ರ ಮಾರ್ಚಿನಲ್ಲಿ, ಸೀಸರ್ ಪ್ರಶಸ್ತಿ ತೆಗೆದುಕೊಳ್ಳುವಾಗ ಅವರು ವೇದಿಕೆಯ ಮೇಲೆ ಸಲ್ಮಾನ್ ರಶ್ದಿಯ ಆ ಪುಸ್ತಕದಿಂದ ಕೆಲವು ಸಾಲು ಓದಿದರು. ರಶ್ದಿಯನ್ನು ಕೊಲ್ಲಬೇಕೆಂದು ಇರಾನಿನಿಂದ ಫತ್ವಾ ಬಂದು ಮೂರು ವಾರವೂ ಆಗಿರಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಇಲ್ಲಿಗೇ ಓದುವುದನ್ನು ನಿಲ್ಲಿಸಬೇಕು ಎನಿಸಬಹುದು. ಆ ಪುಸ್ತಕದಿಂದ ನಮ್ಮವರಿಗೆ ನೋವಾದದ್ದು ಸುಳ್ಳಲ್ಲ, ಅವರು ಓದಿದ್ದು ನನಗೂ ಹಿಡಿಸಲಿಲ್ಲ. ಆದರೆ ಒಬ್ಬನನ್ನು ಕೊಲ್ಲಬೇಕು ಎನ್ನುವವರ ಎದುರು ನಿಂತದ್ದು ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮೆಕ್ಯಾನಿಕರನ್ನು ಕೇಳಿದೆ. "ಆ ವರ್ಷ ಸಿಟ್ಟು ಬಂದು ಕಿತ್ತು ಬಿಸಾಡಿದೆ. ಇದು ಎರಡನೆಯ ಚಿತ್ರ" ಎಂದರು. ಯಾಕೆ ಮತ್ತೆ ಅಂಟಿಸಿದಿರಿ ಎಂದರೆ ಉತ್ತರ ಕೊಡಲಿಲ್ಲ.

ಅವರೇ ಒಂದು ಶುಕ್ರವಾರ ರಾತ್ರಿ ಲ್ಯಾಪ್‌ಟಾಪಿನಲ್ಲಿ ಅಜಾನಿಯ ಇನ್ನೊಂದು ಸಿನಿಮಾ ಹಾಕಿದರು. 2009ರಲ್ಲಿ ಬಂದದ್ದು, ಹೆಸರಿನ ಅರ್ಥ 'ಸ್ಕರ್ಟಿನ ದಿನ'. ವಲಸಿಗರ ಮಕ್ಕಳೇ ತುಂಬಿದ ಶಾಲೆಯಲ್ಲಿ ಸೋನಿಯಾ ಬರ್ಜೆರಾಕ್ ಎಂಬ ಫ್ರೆಂಚ್ ಟೀಚರ್. ಕ್ಲಾಸಿನಲ್ಲಿ ಅವಳ ಮಾತು ಯಾರೂ ಕೇಳುವುದಿಲ್ಲ, ಅವಳ ಸ್ಕರ್ಟ್ ನೋಡಿ ಹೀಯಾಳಿಸುತ್ತಾರೆ. ಒಬ್ಬ ಹುಡುಗನ ಚೀಲದಿಂದ ಪಿಸ್ತೂಲು ಅವಳ ಕೈಗೆ ಸಿಗುತ್ತದೆ. ಅದನ್ನು ಹಿಡಿದುಕೊಂಡೇ ಪಾಠ ಮಾಡುತ್ತಾಳೆ: ಮೋಲಿಯೇರನ ನಿಜವಾದ ಹೆಸರೇನು, ಹೇಳು! ಝಾನ್ ಬಾಪ್ತಿಸ್ತ್ ಪೋಕ್ಲೆ ಎಂದು ಆ ಹುಡುಗನ ಬಾಯಿಂದ ಬರುವವರೆಗೆ ಬಿಡುವುದಿಲ್ಲ. ನಮ್ಮ ಮಕ್ಕಳನ್ನು ಪುಂಡರ ಹಾಗೆ ತೋರಿಸಿದ್ದಾರೆ ಎಂದು ನಮ್ಮ ಮೆಕ್ಯಾನಿಕರಿಗೆ ಬೇಸರವಿತ್ತು, ನನಗೂ. ಆದರೆ ಕೊನೆಯ ಹೊತ್ತಿಗೆ ಆ ಟೀಚರ್ ಫೋನಿನಲ್ಲಿ ತನ್ನ ಮನೆಯವರ ಜೊತೆ ಅರಬಿಯಲ್ಲಿ ಮಾತಾಡುತ್ತಾಳೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಇಷ್ಟು ವರ್ಷ ಅವಳೂ ಅವರ ಪೈಕಿಯವಳೇ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಅಜಾನಿಗೆ ಐದನೆಯ ಸೀಸರ್ ಬಂದದ್ದು ಈ ಪಾತ್ರಕ್ಕೆ.

ನಾನು ಎದ್ದು ಹೊರಗೆ ಹೋದೆ. ಬಿಸಿಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತೆ.

ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಹೋದದ್ದು ಪುಣೆಗೆ. ನನ್ನ ಹೆಸರು ಸಮೀರ್. ಅದು ಅನುಕೂಲದ ಹೆಸರು, ಎರಡೂ ಕಡೆ ನಡೆಯುತ್ತದೆ. ಮೂರು ಕಡೆ ಬಾಡಿಗೆ ಕೋಣೆ ಇಲ್ಲ ಎನಿಸಿಕೊಂಡ ಮೇಲೆ ನಾಲ್ಕನೆಯ ಮನೆಯ ಯಜಮಾನ ಬರೀ ಸಮೀರ್ ಎಂದದ್ದಕ್ಕೆ ಕೀ ಕೊಟ್ಟರು. ಮಾಂಸ ಬೇಯಿಸಬಾರದು ಎಂದರು, ಆಯಿತು ಎಂದೆ. ಪೂರ್ತಿ ಹೆಸರು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಎಂಟು ತಿಂಗಳ ನಂತರ ನನಗೆ ಜ್ವರವೆಂದು ಕೇಳಿ ಉಪ್ಪ ಅಂಗಡಿ ಮುಚ್ಚಿ ರೈಲು ಹತ್ತಿ ಬಂದರು. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಕರೆತಂದೆ. ಮನೆಯ ಮೆಟ್ಟಿಲ ಹತ್ತಿರ ನಿಂತು, "ಉಪ್ಪ, ಟೊಪ್ಪಿ ಒಮ್ಮೆ ತೆಗೀತೀರಾ" ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಟೊಪ್ಪಿ ತೆಗೆದು, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, "ಯಾವ ಮಾಳಿಗೆ, ಮೋನೆ?" ಎಂದರು. ಅಷ್ಟೇ. ಎರಡು ದಿನ ಕೋಣೆಯ ಬಾಗಿಲು ಹಾಕಿ ನಮಾಜು ಮಾಡಿದರು.

ಊರಿಗೆ ಬಂದ ಮೇಲೆ, ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಉಪ್ಪನಿಗೆ ಫೋನಿನಲ್ಲಿ ಆ ಅರಬಿ ಮಾತಿನ ದೃಶ್ಯ ತೋರಿಸಿದೆ. ಗ್ಯಾರೇಜಿನ ಕಥೆ, ಶರೀಫ್ ಹೆಸರಿನ ಕಥೆ, ಏಡ್ಸ್ ಸುದ್ದಿಯ ಕಥೆ ಎಲ್ಲ ಹೇಳಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ ನೋಡಿದರು.

"ಇವಳ ಉಪ್ಪ ಇದ್ದಾರಾ?"

"ಇಲ್ಲ, 83ರಲ್ಲೇ ತೀರಿಹೋದರು."

"ಹಾಗಾದರೆ ಮಗಳು ಸತ್ತಳು ಎಂಬ ಸುದ್ದಿ ಅವರು ಕೇಳಲಿಲ್ಲ. ಒಳ್ಳೆಯದಾಯಿತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಅಪ್ಪ ಅಲ್ಜೀರಿಯಾದವರು ಎಂದು ಅವಳು ಹೇಳಿದ್ದನ್ನೂ ಅವರು ಕೇಳಲಿಲ್ಲ" ಎಂದರು.

ಟೊಪ್ಪಿಯ ಮಾತು ನಾನು ಎತ್ತಬೇಕೆಂದಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಅರ್ಧ ಕಿಲೋ ಸಕ್ಕರೆಗೆ ಬಂದ, ಉಪ್ಪ ತಕ್ಕಡಿಯ ಹತ್ತಿರ ಹೋದರು.