ಲಿಂಗದಹಳ್ಳಿ ದಾರಿಯಲ್ಲಿ ಒಂದು ಹಳೇ ಪ್ರಶ್ನೆ

ಕಲ್ಲತ್ತಿಗಿರಿ ಫಾಲ್ಸ್ ಹತ್ತಿರ ಮಂಗವೊಂದು ಅಕ್ಕನ ಮಗಳ ಕೈಯಿಂದ ಚಿಪ್ಸ್ ಪ್ಯಾಕೆಟ್ ಕಿತ್ಕೊಂಡು ಮರ ಹತ್ತಿತು. ಏಳನೇ ಕ್ಲಾಸಿನ ಹುಡುಗಿ. ಅಳಲಿಲ್ಲ, ಕೇಳಿದಳು: "ಮಾಮಾ, ನಾವು ಮಂಗನಿಂದ ಬಂದಿದ್ದಾದ್ರೆ ಇವು ಯಾಕೆ ಇನ್ನೂ ಮಂಗಗಳಾಗೇ ಇವೆ?"

ನನಗೆ ಒಂಥರಾ ಆಯ್ತು. ಅವಳ ವಯಸ್ಸಲ್ಲಿ ನಾನೂ ಇದನ್ನೇ ಕ್ಲಾಸಲ್ಲಿ ಕೇಳಿದ್ದೆ. ಉತ್ತರ ಸಿಗಲಿಲ್ಲ, 'ಮಂಗ' ಅನ್ನೋ ಅಡ್ಡಹೆಸರು ಸಿಕ್ತು. ಅವತ್ತಿಂದ ಪ್ರಶ್ನೆ ಕೇಳೋದನ್ನೇ ಬಿಟ್ಟೆ. ಇವಳು ಬಿಡಬಾರದು ಅನ್ನಿಸಿತು.

"ನಿನ್ನ ಚಿಕ್ಕಪ್ಪನ ಮಗ ನಿನಗೆ ಅಜ್ಜನಾ?"

"ಅಲ್ಲ, ತಮ್ಮ."

"ಆದ್ರೆ ಇಬ್ಬರಿಗೂ ಅಜ್ಜ ಒಬ್ಬರೇ ತಾನೆ? ಹಾಗೇ ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಒಂದೇ ಮನೆ ಎರಡು ಪಾಲಾಯ್ತು. ಅವರು ಅವರ ದಾರಿ ಹಿಡಿದರು, ನಾವು ನಮ್ಮದು. ಈ ಮಂಗಗಳಂತೂ ಇನ್ನೂ ದೂರದ ನೆಂಟರು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಏಪ್‌ಗಳು. ಅವಕ್ಕೆ ನಮ್ಮ ಹಾಗೇ ಬಾಲ ಇಲ್ಲ."

ಘಾಟಿ ಇಳಿಯುವಾಗ ಲೂಸಿ ಕಥೆ ಹೇಳಿದೆ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕಿದ, 32 ಲಕ್ಷ ವರ್ಷ ಹಳೆಯ ಅಸ್ಥಿಪಂಜರ. ಮೆದುಳು ಹೆಚ್ಚುಕಮ್ಮಿ ಚಿಂಪಾಂಜಿಯಷ್ಟೇ, ಆದರೆ ನಡೆಯುತ್ತಿದ್ದದ್ದು ಎರಡು ಕಾಲಲ್ಲಿ. ಮೊದಲು ನೆಟ್ಟಗೆ ನಡೆದೆವು, ಬುದ್ಧಿ ಬೆಳೆದಿದ್ದು ಆಮೇಲೆ.

ಲಿಂಗದಹಳ್ಳಿ ಬಂತು. ಕೆಮ್ಮಣ್ಣುಗುಂಡಿಗೆ ಹೋಗೋ ನಾವೆಲ್ಲ ಇಲ್ಲಿ ಟೀ ಕುಡಿದು ಮುಂದೆ ಹೋಗ್ತೀವಿ. ಆದರೆ ಕರ್ನಾಟಕದ ಇತಿಹಾಸದ ಪುಸ್ತಕಗಳ ಮೊದಲ ಅಧ್ಯಾಯದಲ್ಲೇ ಈ ಊರಿನ ಹೆಸರಿದೆ. ಹಳೇ ಶಿಲಾಯುಗದ ಕೈಗೊಡಲಿಗಳು ಇಲ್ಲಿ ಸಿಕ್ಕಿವೆ. ಮುಷ್ಟಿಯಲ್ಲಿ ಹಿಡಿಯುವಂಥ, ಎರಡೂ ಬದಿ ಚಕ್ಕೆ ಎಬ್ಬಿಸಿ ಮಾಡಿದ ಕಲ್ಲುಗಳು. ಇಂಥವೇ ಕಲ್ಲುಗಳು ಸಿಕ್ಕ ಹುಣಸಗಿ ಬಳಿಯ ಇಸಾಂಪುರದ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತಾರೆ. ನಮ್ಮ ಜಾತಿಯ ಮನುಷ್ಯ ಹುಟ್ಟಿಯೇ ಸುಮಾರು 3 ಲಕ್ಷ ವರ್ಷ. ಅಂದರೆ ಇಸಾಂಪುರದ ಕಲ್ಲು ಕೆತ್ತಿದ ಕೈ ನಮ್ಮಂಥವರದ್ದಲ್ಲ, ನಮಗಿಂತ ಮೊದಲು ಬಂದವರದ್ದು.

ಕಾರು ನಿಲ್ಲಿಸಿದೆವು. ಹೊಲದ ಬದುವಿನಲ್ಲಿ ಅವಳು ಒಂದು ಚೂಪು ಕಲ್ಲು ಎತ್ತಿಕೊಂಡಳು. "ಇದೇನಾ?" ಬಹುಶಃ ಬರೀ ಕಲ್ಲು. ಆದರೂ ಬ್ಯಾಗಿಗೆ ಹಾಕಲು ಬಿಡಲಿಲ್ಲ. ಸಿಕ್ಕ ಜಾಗದಿಂದ ಕದಲಿಸಿದರೆ ಕಲ್ಲಿನ ಅರ್ಧ ಕಥೆ ಹೋಯ್ತು. ನಿಮಗೂ ಅನುಮಾನ ಬಂದರೆ ಲೊಕೇಶನ್ ಸಮೇತ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲು ಅಲ್ಲೇ ಇರಲಿ. ಜಲ್ಲಿ ಕ್ರಷರ್‌ಗೆ ಕೈಗೊಡಲಿಯೂ ಒಂದೇ, ಬೆಣಚುಕಲ್ಲೂ ಒಂದೇ.

ತರೀಕೆರೆ ದಾಟಿ ಅಮೃತಾಪುರದ ಅಮೃತೇಶ್ವರ ದೇವಸ್ಥಾನಕ್ಕೆ ಬರುವಾಗ ಬಿಸಿಲು ಇಳಿದಿತ್ತು. 1196ರ ಹೊಯ್ಸಳ ಗುಡಿ. ದಕ್ಷಿಣದ ಗೋಡೆ ಉದ್ದಕ್ಕೂ ರಾಮಾಯಣ. ವಾನರರ ಮುಂದೆ ಅವಳು ತುಂಬಾ ಹೊತ್ತು ನಿಂತಳು.

"ಮಾಮಾ, ಇವಕ್ಕೆ ಬಾಲ ಇದೆ. ಹಾಗಾದ್ರೆ ಏಪ್ ಅಲ್ಲ. ಆದ್ರೆ ಎರಡು ಕಾಲಲ್ಲಿ ನಿಂತಿವೆ. ಕೆತ್ತಿದವರಿಗೂ ಡೌಟ್ ಇತ್ತಾ?"

ಪಕ್ಕದಲ್ಲಿದ್ದ ಯಾರೋ ನಕ್ಕರು. ಅವಳಿಗೆ ಅದು ಕೇಳಿಸಲೇ ಇಲ್ಲ. ಅಜ್ಜಂಪುರದ ಅಜ್ಜಿ ಮನೆ ತಲುಪೋವರೆಗೆ ಇನ್ನೂ ಹತ್ತು ಪ್ರಶ್ನೆ ಕೇಳಿದಳು. ಒಂದಕ್ಕೂ ನಾನು ಸುಮ್ಮನಿರು ಅನ್ನಲಿಲ್ಲ.