ಮೋಟಾರು ಪಟ್ಟಣದಲ್ಲಿ ಕೆಲವು ದಿನಗಳು

ಅಮೆರಿಕಕ್ಕೆ ಹೋಗಿ ಬಂದವರು ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ವರ್ಣಿಸುವುದು ವಾಡಿಕೆ. ಅವೆರಡನ್ನೂ ನಾವು ಕಂಡುದುಂಟು. ಆದರೆ ವಾಚಕ ಮಹಾಶಯರಲ್ಲಿ ಇಂದು ನಿವೇದಿಸಬೇಕೆಂದಿರುವುದು ಅವುಗಳ ವಿಚಾರವಲ್ಲ; ಮಿಚಿಗನ್ ಸಂಸ್ಥಾನದ ಡೆಟ್ರಾಯಿಟ್ ಪಟ್ಟಣದ ವಿಚಾರ. ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದ ಉಪಾಧ್ಯಾಯನಿಗೂ ಮೋಟಾರು ಗಾಡಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಸಂಬಂಧವು ಹಳೆಯದು. ನಮ್ಮ ಬಾಲ್ಯದಲ್ಲಿ ಊರಿನ ವೈದ್ಯರೊಬ್ಬರ ಬಳಿ ಒಂದು ಫೋರ್ಡ್ ಗಾಡಿಯಿದ್ದಿತು. ಆ ವೇಳೆಗೇ ಅದು ಮುದಿಯಾಗಿದ್ದರೂ, ಮಳೆಗಾಲದ ಕೆಸರಿನಲ್ಲಿ ಎತ್ತಿನ ಗಾಡಿಗಳು ಹೂತು ನಿಂತಲ್ಲಿ ಗುಡುಗುಡಿಸುತ್ತ ದಾಟಿ ಹೋಗುತ್ತಿದ್ದಿತು. ಒಂದು ಅಮಾವಾಸ್ಯೆಯ ರಾತ್ರಿ ನಮ್ಮ ತಾಯಿಯವರಿಗೆ ಪ್ರಾಣಸಂಕಟವಾದಾಗ ವೈದ್ಯರು ಅದೇ ಗಾಡಿಯಲ್ಲಿ ಬಂದು ಅವರನ್ನು ಉಳಿಸಿದರು. ಅಂದಿನಿಂದ ಫೋರ್ಡ್ ಎಂಬ ಹೆಸರನ್ನು ಕಂಡರೆ ನಮಗೆ ಒಂದು ಬಗೆಯ ಭಕ್ತಿ. ವ್ಯಾಕರಣವನ್ನು ಓದುತ್ತಿದ್ದ ಕಾಲದಲ್ಲಿಯೂ ಗಾಡಿಗಳ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದುತ್ತ ಬಂದೆವು.

2024ನೆಯ ಇಸವಿಯ ಶರತ್ಕಾಲದಲ್ಲಿ ನಾವೂ ನಮ್ಮ ಮನೆಯವರೂ ಮಗನ ಮನೆಗೆಂದು ಹೊರಟೆವು. ಅವನಿರುವುದು ಡೆಟ್ರಾಯಿಟಿಗೆ ಪಶ್ಚಿಮದಲ್ಲಿರುವ ಒಂದು ಉಪನಗರದಲ್ಲಿ. ವಿಮಾನ ನಿಲ್ದಾಣದಲ್ಲಿ ಮಗನ ಮುಖವನ್ನು ನೋಡಿದ ಮೇಲೆ ನಾವು ನೋಡಿದುದು ಅವನ ಗಾಡಿಯ ಮುಖವನ್ನು. ಅದು ಟೊಯೋಟಾ.

“ಏನಪ್ಪಾ, ಫೋರ್ಡನ ಮನೆಯಂಗಳದಲ್ಲಿದ್ದುಕೊಂಡು ಜಪಾನಿನ ಗಾಡಿಯೇ?” ಎಂದೆವು.

“ಹತ್ತು ವರ್ಷವಾಯಿತು ಅಪ್ಪಾ. ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದ್ದು, ಚಕ್ರ ಹಾಕಿಸಿದ್ದು ಬಿಟ್ಟರೆ ಇದಕ್ಕೆ ಬೇರೆ ಚಿಕಿತ್ಸೆ ಮಾಡಿಸಿಲ್ಲ,” ಎಂದನು.

ಹಿಂದೆ ಕುಳಿತಿದ್ದ ಸೊಸೆಯು, “ಮಾವ, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವಾಗ ಭಕ್ತಿ ಕೆಲಸಕ್ಕೆ ಬರುವುದಿಲ್ಲ. ಗಾಡಿ ಹೊರಡಬೇಕು,” ಎಂದಳು. ಅವಳಿಗಾಗಿ ಎರಡನೆಯದೊಂದು ಸಣ್ಣ ಕಾರನ್ನು ಕೊಳ್ಳುವ ಆಲೋಚನೆಯಿದ್ದಿತು. “ಯಾವುದೆಂದು ನೀವೇ ನೋಡಿ ಹೇಳಿ,” ಎಂದು ಮಗನು ನಮ್ಮ ಮೇಲೆಯೇ ಆ ಭಾರವನ್ನು ಹಾಕಿದನು. ನಾವು ಫೋರ್ಡಿನ ಪರವಾಗಿ ವಾದಿಸುವೆವೆಂದು ನಿಶ್ಚಯಿಸಿಕೊಂಡೇ ಒಪ್ಪಿದೆವು.

ಮೊದಲು ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳತಕ್ಕದ್ದು. ಹೆನ್ರಿ ಫೋರ್ಡನು 1863ರಲ್ಲಿ ಇಲ್ಲಿಯ ಡಿಯರ್‌ಬಾರ್ನ್ ಪ್ರದೇಶದ ಒಕ್ಕಲು ಮನೆತನದಲ್ಲಿ ಹುಟ್ಟಿದನು. 1903ರಲ್ಲಿ ತನ್ನ ಕಂಪೆನಿಯನ್ನು ಸ್ಥಾಪಿಸಿ, 1908ರಲ್ಲಿ ‘ಮಾಡೆಲ್ ಟಿ’ ಎಂಬ ಗಾಡಿಯನ್ನು ಹೊರತಂದನು. ಆಗ ಅದರ ಬೆಲೆ 850 ಡಾಲರು. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಗಾಡಿಯ ಚೌಕಟ್ಟೇ ಕೆಲಸಗಾರರ ಮುಂದೆ ಚಲಿಸುವಂತೆ ಏರ್ಪಡಿಸಿದುದರಿಂದ, ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆಯು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1925ರ ವೇಳೆಗೆ ಆ ಜಾತಿಯ ಅತ್ಯಂತ ಅಗ್ಗದ ಗಾಡಿಯು 260 ಡಾಲರಿಗೆ ದೊರೆಯುತ್ತಿದ್ದಿತು. ಲಾಘವವೆಂಬುದರ ಬೆಲೆಯನ್ನು ವ್ಯಾಕರಣದಲ್ಲಿ ಕಲಿತ ನಮಗೆ ಈ ಯಂತ್ರಲಾಘವವೂ ಒಂದು ಶಾಸ್ತ್ರದಂತೆಯೇ ಕಾಣುವುದು.

ಡಿಯರ್‌ಬಾರ್ನಿನಲ್ಲಿ ಫೋರ್ಡನು 1929ರಲ್ಲಿ ಸ್ಥಾಪಿಸಿದ ‘ಗ್ರೀನ್‌ಫೀಲ್ಡ್ ವಿಲೇಜ್’ ಎಂಬ ಹಳೆಯ ಕಾಲದ ಗ್ರಾಮವೊಂದಿದೆ. ರೈಟ್ ಸಹೋದರರ ಬೈಸಿಕಲ್ ಅಂಗಡಿಯನ್ನು ಅವರ ಊರಿನಿಂದ ತಂದು ಅಲ್ಲಿ ನಿಲ್ಲಿಸಿರುವರು. ಯಾತ್ರಿಕರನ್ನು ಮಾಡೆಲ್ ಟಿ ಗಾಡಿಗಳಲ್ಲಿ ಕೂರಿಸಿ ಸುತ್ತಿಸುವರು. ನಾವೂ ಹತ್ತಿದೆವು. ಇಂಜಿನು ನಡುಗಿದೊಡನೆ, ಆ ಅಮಾವಾಸ್ಯೆಯ ರಾತ್ರಿ ನಮ್ಮ ಬಾಗಿಲ ಮುಂದೆ ಕೇಳಿದ ಸದ್ದು ನೆನಪಾಗಿ ಕಣ್ಣು ಒದ್ದೆಯಾಯಿತು. “ಧೂಳು ಬಿದ್ದಿತೇ?” ಎಂದು ನಮ್ಮ ಮನೆಯವರು ಕೇಳಿದರು. ಹೌದೆಂದೆವು.

ಮರುದಿನ ರೂಜ್ ಕಾರ್ಖಾನೆಗೆ ಹೋದೆವು. 1917ರಿಂದ 1928ರವರೆಗೆ ಕಟ್ಟಿದ ಈ ಬೃಹದ್ಯಂತ್ರಶಾಲೆಯಲ್ಲಿ ಒಂದು ಕಡೆಯಿಂದ ಹಡಗುಗಳಲ್ಲಿ ಅದಿರೂ ಕಲ್ಲಿದ್ದಲೂ ಬಂದು, ಇನ್ನೊಂದು ಕಡೆಯಿಂದ ಗಾಡಿಯು ಹೊರಡುತ್ತಿದ್ದಿತು. ಉಚ್ಛ್ರಾಯದ ಕಾಲದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರು ಅಲ್ಲಿ ದುಡಿಯುತ್ತಿದ್ದರು. ಈಗ ಅಲ್ಲಿ ತಯಾರಾಗುವುದು ಎಫ್-150 ಎಂಬ ಸರಕಿನ ಗಾಡಿ. ಮಾಳಿಗೆಯ ಮೇಲೆ ಹತ್ತು ಎಕರೆಯಷ್ಟು ಹಸಿರು ಗಿಡಗಳನ್ನು ಬೆಳೆಸಿರುವರು. ಮೇಲಿನ ಅಟ್ಟದ ದಾರಿಯಲ್ಲಿ ನಡೆಯುತ್ತ ನಾವು ಕೆಳಗೆ ನೋಡಿದೆವು. ಗಾಡಿಗಳು ಮದುವೆಯ ದಿಬ್ಬಣದಂತೆ ಮೆಲ್ಲಮೆಲ್ಲನೆ ಸಾಗುತ್ತಿದ್ದುವು. ಒಬ್ಬ ತರುಣಿಯು ಬಾಗಿಲಿನ ಅಂಚಿನ ಮೇಲೆ ಅಂಗೈಯನ್ನು ಆಡಿಸಿ, ತಲೆಯಲ್ಲಾಡಿಸಿ, ಮುಂದಿನ ಗಾಡಿಗೆ ತಿರುಗಿದಳು.

ಇದೇ ಕಾರ್ಖಾನೆಗೆ 1950ರಲ್ಲಿ ಜಪಾನಿನಿಂದ ಏಜಿ ಟೊಯೋಡಾ ಎಂಬ ತರುಣನು ಕಲಿಯಲು ಬಂದಿದ್ದನು. ಅವನ ಕಾರ್ಖಾನೆಯು ಇದರ ಮುಂದೆ ಸಮುದ್ರದೆದುರಿನ ಊರ ಕೆರೆ. ಅವನ ಮನೆತನದ ಹಿರಿಯ ಸಾಕಿಚಿ ಟೊಯೋಡಾ ಎಂಬವನು ಮಗ್ಗಗಳನ್ನು ನಿರ್ಮಿಸಿದವನು. ನೂಲು ಕಡಿದರೆ ತಾನೇ ನಿಲ್ಲುವ ಮಗ್ಗವು ಅವನದು. ಈ ತತ್ತ್ವವನ್ನೇ ಅವರು ಕಾರಿನ ಕೆಲಸಕ್ಕೂ ಅನ್ವಯಿಸಿದರು. ದೋಷವನ್ನು ಕಂಡ ಯಾವ ಕೆಲಸಗಾರನಾದರೂ ಹಗ್ಗವನ್ನೆಳೆದು ಎಲ್ಲರನ್ನೂ ಎಚ್ಚರಿಸಬಹುದು. ದೋಷವು ಅಲ್ಲಿಯೇ ಪರಿಹಾರವಾಗದಿದ್ದರೆ ಸಾಲೇ ನಿಲ್ಲುವುದು. ಅದೇ 1950ರಲ್ಲಿ ಎಡ್ವರ್ಡ್ಸ್ ಡೆಮಿಂಗ್ ಎಂಬ ಅಮೆರಿಕದ ಪಂಡಿತನು ಜಪಾನಿಗೆ ಹೋಗಿ ಗುಣಪರೀಕ್ಷೆಯ ಶಾಸ್ತ್ರವನ್ನು ಬೋಧಿಸಿದನು. ಮರುವರ್ಷವೇ ಅವರು ಅವನ ಹೆಸರಿನಲ್ಲಿ ಬಹುಮಾನವೊಂದನ್ನು ಸ್ಥಾಪಿಸಿದರು. ಅವನ ಸ್ವದೇಶದ ಫೋರ್ಡ್ ಕಂಪೆನಿಯು ಅವನನ್ನು ಕರೆಸಿಕೊಂಡುದು ಮೂವತ್ತು ವರ್ಷಗಳ ಮೇಲೆ!

ಭಕ್ತನಾದವನಿಗೇ ದೋಷವನ್ನು ಹೇಳುವ ಅಧಿಕಾರವುಂಟೆಂದು ಭಾವಿಸಿ ಕೆಲವು ಮಾತುಗಳನ್ನು ಹೇಳುವೆವು. ಒಳ್ಳೆಯದನ್ನು ಮಾಡಲು ತಿಳಿಯದ ಕಂಪೆನಿಯಲ್ಲ ಫೋರ್ಡ್. ಮಾಡಿದ ಒಳ್ಳೆಯದನ್ನು ಸಾಕಿ ಬೆಳೆಸಲು ಅದಕ್ಕೆ ತಾಳ್ಮೆಯಿಲ್ಲ. ಮಾಡೆಲ್ ಟಿಯನ್ನು ಹತ್ತೊಂಬತ್ತು ವರ್ಷ ಹೆಚ್ಚು ಮಾರ್ಪಾಟಿಲ್ಲದೆ ಮಾರಿ, 1927ರಲ್ಲಿ ಗಿರಾಕಿಗಳು ಷೆವರ್ಲೆಯ ಕಡೆಗೆ ತಿರುಗಿದ ಮೇಲೆಯೇ ಫೋರ್ಡನು ಅದನ್ನು ಕೈಬಿಟ್ಟನು. ಜರ್ಮನಿಯ ವೋಕ್ಸ್‌ವ್ಯಾಗನ್ ಬೀಟಲ್ ಅದೇ ಬಡವರ ಗಾಡಿಯ ತತ್ತ್ವವನ್ನು ಹಿಡಿದು, ಒಳಗಿನ ಯಂತ್ರವನ್ನು ವರ್ಷವರ್ಷವೂ ತಿದ್ದುತ್ತ, 1972ರಲ್ಲಿ ಮಾಡೆಲ್ ಟಿಯ ಒಂದೂವರೆ ಕೋಟಿಯ ದಾಖಲೆಯನ್ನು ಮೀರಿತು. ಸಣ್ಣ ಗಾಡಿಗಳ ಈ ಪೈಪೋಟಿಗೆಂದು ಫೋರ್ಡ್ 1970ರಲ್ಲಿ ತಂದ ‘ಪಿಂಟೋ’ದ ಇಂಧನದ ತೊಟ್ಟಿಯು ಹಿಂದಿನಿಂದ ಡಿಕ್ಕಿಯಾದರೆ ಉರಿಯುವ ಅಪಾಯವುಳ್ಳದ್ದಾಗಿದ್ದಿತು. 1978ರಲ್ಲಿ ಸುಮಾರು ಹದಿನೈದು ಲಕ್ಷ ಗಾಡಿಗಳನ್ನು ತಿದ್ದುಪಾಡಿಗಾಗಿ ಹಿಂದಕ್ಕೆ ಕರೆಯಬೇಕಾಯಿತು.

ಬುದ್ಧಿ ಕಲಿತು 1985ರ ಕೊನೆಯಲ್ಲಿ ತಂದ ‘ಟಾರಸ್’ ಎಂಬುದು ನಿಜವಾಗಿಯೂ ಸೊಗಸಾದ ಗಾಡಿ. 1992ರಿಂದ 1996ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚಾಗಿ ಮಾರಾಟವಾದ ಕಾರು ಅದು. ಆಮೇಲೆ ಅದನ್ನು ಉಪೇಕ್ಷಿಸಿದರು. 1997ರಲ್ಲಿ ಟೊಯೋಟಾ ಕ್ಯಾಮ್ರಿಯು ಆ ಸ್ಥಾನವನ್ನು ಪಡೆಯಿತು. ಲಾಭವೆಲ್ಲ ದೊಡ್ಡ ಗಾಡಿಗಳಲ್ಲಿಯೇ ಎಂದು ನಂಬಿದ ಕಂಪೆನಿಯು 2006ರಲ್ಲಿ 12 ಶತಕೋಟಿ ಡಾಲರಿಗೂ ಮಿಕ್ಕು ನಷ್ಟ ಹೊಂದಿ, ತನ್ನ ನೀಲಿ ಅಂಡಾಕಾರದ ಲಾಂಛನವನ್ನೂ ಸಾಲಕ್ಕೆ ಒತ್ತೆಯಿಟ್ಟಿತು. ಮನೆಯ ಗೃಹಿಣಿಯು ಮಾಂಗಲ್ಯವನ್ನು ಒತ್ತೆಯಿಟ್ಟಂತೆ! ಆ ಸಾಲದಿಂದಲೇ ಅದು ಬದುಕಿತೆಂಬುದನ್ನೂ, 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಂಪೆನಿಗಳು ದಿವಾಳಿಯಾದಾಗ ತಾನು ಆಗಲಿಲ್ಲವೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಪರದೇಶದವರೆಲ್ಲ ಋಷಿಗಳೆಂದು ನಮ್ಮ ಅಭಿಪ್ರಾಯವಲ್ಲ. ವೋಕ್ಸ್‌ವ್ಯಾಗನ್ ಕಂಪೆನಿಯು ಹೊಗೆಯ ಪರೀಕ್ಷೆಯನ್ನು ವಂಚಿಸಿ 2015ರಲ್ಲಿ ಸಿಕ್ಕಿಬಿದ್ದಿತು. ಟೊಯೋಟಾವೂ 2009-10ರಲ್ಲಿ ಲಕ್ಷಾಂತರ ಗಾಡಿಗಳನ್ನು ಹಿಂದಕ್ಕೆ ಕರೆಯಿತು.

ಸೊಸೆಯೊಡನೆ ಫೋರ್ಡ್ ಅಂಗಡಿಗೆ ಹೋದ ದಿನ ನಮ್ಮ ವಾದವು ಆರಂಭವಾಗುವ ಮುನ್ನವೇ ಮುಗಿಯಿತು. ಅಲ್ಲಿ ಸಣ್ಣ ಕಾರೇ ಇರಲಿಲ್ಲ. ಓಟದ ಕುದುರೆಯಂಥ ಮಸ್ಟಾಂಗ್ ಒಂದನ್ನು ಬಿಟ್ಟು ಉಳಿದ ಕಾರುಗಳನ್ನು ಅಮೆರಿಕದಲ್ಲಿ ಮಾರುವುದಿಲ್ಲವೆಂದು ಕಂಪೆನಿಯು 2018ರಲ್ಲಿಯೇ ಸಾರಿದ್ದುದನ್ನು ಓದಿದ್ದೆವು. ಕಣ್ಣಾರೆ ಕಂಡಾಗ ಬೇರೆಯೇ ಆಯಿತು. ಅಂಗಳದ ತುಂಬ ಆನೆಗಳಂಥ ಗಾಡಿಗಳು. ಬಡವನ ಮನೆಗೆ ಗಾಡಿಯನ್ನು ತಲುಪಿಸಿದವನ ಅಂಗಡಿಯಲ್ಲಿ ಬಡವನಿಗೆ ಗಾಡಿಯಿಲ್ಲ. “ಬನ್ನಿ ಮಾವ,” ಎಂದು ಸೊಸೆಯು ಮೆಲ್ಲನೆ ಹೇಳಿದಳು. ಕೊನೆಗೆ ಹೋಂಡಾವನ್ನು ಕೊಂಡೆವು. ಅದು ತಯಾರಾದುದು ಪಕ್ಕದ ಇಂಡಿಯಾನಾ ಸಂಸ್ಥಾನದಲ್ಲಿ! ಸ್ವದೇಶಿ ಯಾವುದು, ವಿದೇಶಿ ಯಾವುದು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ಸ್ಪರ್ಧೆಯು ಬರಿಯ ವ್ಯಾಪಾರದ ಲೆಕ್ಕವಲ್ಲ. 1950ರಲ್ಲಿ ಸುಮಾರು ಹದಿನೆಂಟೂವರೆ ಲಕ್ಷ ಜನರಿದ್ದ ಡೆಟ್ರಾಯಿಟಿನಲ್ಲಿ 2020ರಲ್ಲಿ ಉಳಿದಿದ್ದವರು ಆರು ಲಕ್ಷ ನಲವತ್ತು ಸಾವಿರಕ್ಕೂ ಕಡಮೆ. 1982ರ ಜೂನ್ ತಿಂಗಳಲ್ಲಿ, ಮಾಡೆಲ್ ಟಿ ಬೆಳೆದ ಅದೇ ಹೈಲ್ಯಾಂಡ್ ಪಾರ್ಕಿನಲ್ಲಿ, ವಿನ್ಸೆಂಟ್ ಚಿನ್ ಎಂಬ ಚೀನಾ ಮೂಲದ ತರುಣನನ್ನು ಮೋಟಾರು ಕೆಲಸದವರಿಬ್ಬರು ಹೊಡೆದು ಕೊಂದರು. ಜಪಾನಿನ ಗಾಡಿಗಳಿಂದ ಕೆಲಸ ಹೋಗುತ್ತಿದೆಯೆಂಬ ದ್ವೇಷವು ಅಂದು ಪಟ್ಟಣದಲ್ಲೆಲ್ಲ ಹಬ್ಬಿದ್ದಿತು. ಅವನು ಜಪಾನಿನವನೂ ಅಲ್ಲ. ಕೊಂದವರು ಸೆರೆಶಿಕ್ಷೆಯನ್ನು ಅನುಭವಿಸಲೇ ಇಲ್ಲ. ಮೂರು ಸಾವಿರ ಡಾಲರು ದಂಡವಾಯಿತು. ಆ ಊರಿನಲ್ಲಿಯೇ ಮಗನನ್ನು ನೆಲೆಗೊಳಿಸಿರುವ ತಂದೆಗೆ ಇದನ್ನು ಕೇಳಿ ಹೇಗಾಗಿರಬಹುದೆಂಬುದನ್ನು ಬರೆಯಬೇಕಾಗಿಲ್ಲ.

ತಪ್ಪು ಯಾರದು? ಕೆಲಸಗಾರರದೆಂದು ಒಡೆಯರು ಹೇಳುತ್ತಿದ್ದರು. ಪರದೇಶದವರದೆಂದು ಕೆಲಸಗಾರರು ಹೇಳುತ್ತಿದ್ದರು. ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯು, 1984ರಲ್ಲಿ ಟೊಯೋಟಾ ಪದ್ಧತಿಯಂತೆ ಬಹುಮಟ್ಟಿಗೆ ಅದೇ ಕೆಲಸಗಾರರಿಂದಲೇ ನಡೆಯತೊಡಗಿದಾಗ ಉತ್ತಮವಾದ ಗಾಡಿಗಳು ಹೊರಬಂದುವು. ಕೈಗಳು ಅವೇ; ಬದಲಾದುದು ಅವುಗಳಿಗೆ ಕೊಟ್ಟ ಅಧಿಕಾರ.

ಇದರ ಅರ್ಥವನ್ನು ನಮಗೆ ತಿಳಿಸಿದವರು ಮಗನ ನೆರೆಮನೆಯ ವೃದ್ಧರು. ಅವರು ಮೂವತ್ತು ವರ್ಷ ಒಂದು ಮೋಟಾರು ಕಾರ್ಖಾನೆಯಲ್ಲಿ ದುಡಿದವರು. ಯಾವುದೆಂದು ಹೇಳುವುದು ಉಚಿತವಲ್ಲ. ಒಂದು ಸಂಜೆ ಉದುರಿದ ಎಲೆಗಳನ್ನು ಗುಡಿಸುತ್ತಿದ್ದವರು ನಮ್ಮನ್ನು ಕಂಡು ಮಾತಿಗೆ ನಿಂತರು. ಮಗನ ಸಹಾಯದಿಂದ ನಮಗೆ ತಿಳಿದ ಅವರ ಮಾತುಗಳು ಇವು:

“ನನ್ನ ಮುಂದೆ ಬರುತ್ತಿದ್ದ ಗಾಡಿಗಳಲ್ಲಿ ಕೆಲವಕ್ಕೆ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ನನ್ನ ಕಣ್ಣಿಗೆ ಕಾಣುತ್ತಿತ್ತು. ಸಾಲನ್ನು ನಿಲ್ಲಿಸುವಂತಿರಲಿಲ್ಲ. ಮೊದಲ ವರ್ಷ ಮೇಲಿನವರಿಗೆ ಹೇಳಿದೆ. ‘ಮುಂದಕ್ಕೆ ಬಿಡು, ಕೊನೆಯಲ್ಲಿ ಯಾರಾದರೂ ಸರಿಮಾಡುತ್ತಾರೆ’ ಎಂದರು. ಎರಡನೆಯ ವರ್ಷ ಹೇಳುವುದನ್ನು ಬಿಟ್ಟೆ. ಮೂರನೆಯ ವರ್ಷ ನೋಡುವುದನ್ನೇ ಬಿಟ್ಟೆ.”

ಅವರು ಪುನಃ ಎಲೆಗಳನ್ನು ಗುಡಿಸತೊಡಗಿದರು. ನಾವು ಒಳಗೆ ಬಂದೆವು. ಆ ರಾತ್ರಿ ನಿದ್ರೆ ಬರಲಿಲ್ಲ. ವಾಚಕರೊಡನೆ ಮುಚ್ಚುಮರೆ ಏಕೆ? ನಮ್ಮ ಎಂಟನೆಯ ತರಗತಿಗೆ ಒಂದು ವರ್ಷ ಒಬ್ಬ ಹುಡುಗನು ಬಂದನು. ಕನ್ನಡದ ಒಂದು ವಾಕ್ಯವನ್ನು ತಡವರಿಸದೆ ಓದಲಾರನು. ಕೆಳಗಿನ ತರಗತಿಗಳವರು ಅವನನ್ನು ಮುಂದಕ್ಕೆ ಬಿಟ್ಟಿದ್ದರು. ನಾವೂ ಬಿಟ್ಟೆವು. ಪಾಠ ಮುಗಿಯಬೇಕಾಗಿದ್ದಿತು; ಹತ್ತನೆಯ ತರಗತಿಯಲ್ಲಿ ಯಾರಾದರೂ ಸರಿಪಡಿಸುವರೆಂದುಕೊಂಡೆವು. ಕೆಲವು ವರ್ಷಗಳ ಮೇಲೆ ಬ್ಯಾಂಕಿನಲ್ಲಿ ಅವನು ಎದುರಾಗಿ, ಕಾಲಿಗೆ ನಮಸ್ಕರಿಸಿ, “ಮೇಷ್ಟ್ರೇ, ಈ ಫಾರಂ ನೀವೇ ತುಂಬಿಕೊಡಿ,” ಎಂದು ಕಾಗದವನ್ನು ನೀಡಿದನು. ಅವನು ನಗುತ್ತಿದ್ದನು. ನಾವು ತಲೆಯೆತ್ತದೆ ತುಂಬಿಕೊಟ್ಟೆವು. ಅವನ ಹಿಂದೆಯೂ ಮುಂದೆಯೂ ಅಂಥವರು ಎಷ್ಟು ಮಂದಿಯಿದ್ದರೋ, ಮೂರನೆಯ ವರ್ಷದ ಮೇಲೆ ನಾವು ನೋಡಿದವರಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸಂಚರಿಸಿ ಮೋಟಾರು ಉದ್ಯಮವನ್ನು ಅಭ್ಯಾಸಮಾಡಿ ಬಂದು, ನಮ್ಮ ದೇಶದಲ್ಲಿಯೂ ಅದು ನೆಲೆಗೊಳ್ಳಲೆಂದು ಶ್ರಮಿಸಿದರು. ಅಂದಿನ ಸರ್ಕಾರದ ಆಶ್ರಯವು ಅದಕ್ಕೆ ದೊರೆಯಲಿಲ್ಲ. ಬಹುಕಾಲದ ಮೇಲೆ ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯು ತಲೆಯೆತ್ತಿ, 2000ದಲ್ಲಿ ಕ್ವಾಲಿಸ್ ಗಾಡಿಯು ಹೊರಬಂದಿತು. 1995ರಲ್ಲಿ ನಮ್ಮ ದೇಶಕ್ಕೆ ಪುನಃ ಬಂದಿದ್ದ ಫೋರ್ಡ್ ಕಂಪೆನಿಯು, ಇಲ್ಲಿ ಕಾರುಗಳ ತಯಾರಿಕೆಯನ್ನು ನಿಲ್ಲಿಸುವೆನೆಂದು 2021ರಲ್ಲಿ ಪ್ರಕಟಿಸಿತು.

ಹೊರಡುವ ಹಿಂದಿನ ದಿನ ಮಗನು ಡೆಟ್ರಾಯಿಟಿನ ಮಿಚಿಗನ್ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಕರೆದೊಯ್ದನು. 1988ರಲ್ಲಿ ಮುಚ್ಚಿ, ಕಿಟಕಿಗಳೊಡೆದು, ಹಕ್ಕಿಗಳ ಪಾಲಾಗಿದ್ದ ಆ ಭವ್ಯ ಮಂದಿರವನ್ನು 2018ರಲ್ಲಿ ಕೊಂಡು, ಆರು ವರ್ಷ ದುರಸ್ತಿ ಮಾಡಿಸಿ, 2024ರ ಜೂನಿನಲ್ಲಿ ಪುನಃ ತೆರೆದವರು ಫೋರ್ಡ್ ಕಂಪೆನಿಯವರೇ. ಹೊಸದಾಗಿ ಕೂರಿಸಿದ ಕಲ್ಲುಗಳ ಸಂದಿಯಲ್ಲಿ ನಾವು ಬೆರಳಾಡಿಸಿ ನೋಡಿದೆವು. ಕೆಲಸವು ಅಚ್ಚುಕಟ್ಟಾಗಿದ್ದಿತು. ನಮ್ಮ ಭಕ್ತಿಯು ಪೂರ್ತಿಯಾಗಿ ಹೋಗಲಿಲ್ಲವೆಂದು ಒಪ್ಪಿಕೊಳ್ಳುವೆವು.

ಊರಿಗೆ ಬಂದ ಮೇಲೆ ಬೀದಿಯ ಮೂವರು ಮಕ್ಕಳು ಸಂಜೆ ನಮ್ಮ ಜಗಲಿಗೆ ಬರುತ್ತಿರುವರು. ಪುಸ್ತಕ ಮುಗಿಸುವ ಅವಸರವಿಲ್ಲ. ಓದುವಾಗ ಯಾರಿಗಾದರೂ ಒಂದು ಅಕ್ಷರ ತಿಳಿಯದಿದ್ದರೆ ಕೈಯೆತ್ತಬೇಕೆಂದು ಹೇಳಿರುವೆವು. ಎತ್ತಿದೊಡನೆ ಎಲ್ಲರ ಓದೂ ನಿಲ್ಲುವುದು. ನಿನ್ನೆ ‘ಋ’ಕಾರದಲ್ಲಿಯೇ ಕತ್ತಲಾಯಿತು.