ಒಂದು ಬಟ್ಟಲು ಚಹಾ, ಎರಡು ತುಂಡು ತಿಂಡಿ

ಬೆಳಗಿನ ಏಳು ಗಂಟೆ. ಹಾಂಗ್‌ಕಾಂಗ್‌ನ ಗಗನಚುಂಬಿ ಕಟ್ಟಡಗಳ ನಡುವಿನ ಓಣಿಗಳಿಗೆ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಬ್ಯಾಂಕುಗಳ ಬಾಗಿಲು ತೆರೆಯಲು ಎರಡು ಗಂಟೆ ಬಾಕಿ. ಆದರೆ ಹಳೆಯ ಚಹಾಮಂದಿರಗಳಲ್ಲಿ ಅಷ್ಟು ಹೊತ್ತಿಗೇ ಗದ್ದಲ ಶುರುವಾಗಿರುತ್ತದೆ. ತಲೆ ನರೆತ ಹಿರಿಯರು ಮಡಿಚಿದ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ತಮ್ಮ ಮಾಮೂಲಿ ಜಾಗದಲ್ಲಿ ಕೂರುತ್ತಾರೆ. ಕುದಿನೀರಿನಲ್ಲಿ ಬಟ್ಟಲು, ಕಡ್ಡಿಗಳನ್ನು ತಾವೇ ತೊಳೆದುಕೊಳ್ಳುತ್ತಾರೆ. ಆಮೇಲೆ ಚಹಾ, ಜೊತೆಗೆ ಬಿದಿರಿನ ಬುಟ್ಟಿಯಲ್ಲಿ ಹಬೆಯಾಡುವ ತಿಂಡಿ. ಈ ಬೆಳಗಿನ ಊಟಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ‘ಯಮ್ ಚಾ’. ಅರ್ಥ ಇಷ್ಟೇ: ಚಹಾ ಕುಡಿಯುವುದು. ನಮ್ಮ ‘ಚಹಾ’ ಮತ್ತು ಅವರ ‘ಚಾ’ ಒಂದೇ ಬೇರಿನ ಪದಗಳು.

‘ಒಂದು ಬಟ್ಟಲು, ಎರಡು ತುಂಡು’ ಎಂಬುದು ಅಲ್ಲಿನ ಹಳೆಯ ನುಡಿ. ಒಂದು ಬಟ್ಟಲು ಚಹಾ, ಎರಡು ತುಂಡು ತಿಂಡಿ ಇದ್ದರೆ ಬೆಳಗು ಸುಸೂತ್ರವಾಗಿ ಸಾಗಿತು ಎಂದೇ ಲೆಕ್ಕ. ಆ ತುಂಡುಗಳೇ ಇಂದು ಜಗತ್ಪ್ರಸಿದ್ಧವಾಗಿರುವ ‘ಡಿಮ್ ಸಮ್’.

ಕ್ಯಾಂಟನ್ನಿನಿಂದ ಬಂದ ಕೈಗುಣ

ಈ ಅಡುಗೆಯ ತವರು ದಕ್ಷಿಣ ಚೀನಾದ ಗುವಾಂಗ್‌ಝೌ ನಗರ, ಅಂದರೆ ಹಿಂದಿನ ಕ್ಯಾಂಟನ್. 1930ರ ದಶಕದ ಯುದ್ಧ ಮತ್ತು 1949ರ ಅಧಿಕಾರ ಬದಲಾವಣೆಯ ಕಾಲದಲ್ಲಿ ಅಲ್ಲಿಂದ ಅಸಂಖ್ಯಾತ ಜನ ಹಾಂಗ್‌ಕಾಂಗ್‌ಗೆ ವಲಸೆ ಬಂದರು. ಅವರೊಡನೆ ಬಾಣಸಿಗರೂ ಬಂದರು. ವೆಲ್ಲಿಂಗ್ಟನ್ ರಸ್ತೆಯ ‘ಲಿನ್ ಹ್ಯೂಂಗ್’ ಚಹಾಮಂದಿರದ ಮೂಲ 1889ರಲ್ಲಿ ಗುವಾಂಗ್‌ಝೌನಲ್ಲಿ ಆರಂಭವಾದ ಅಂಗಡಿ. ಸ್ಟ್ಯಾನ್ಲಿ ರಸ್ತೆಯ ‘ಲುಕ್ ಯು’ 1933ರದ್ದು. ಎಂಟನೆಯ ಶತಮಾನದಲ್ಲಿ ಚಹಾ ಕುರಿತು ಗ್ರಂಥ ಬರೆದ ಲು ಯು ಎಂಬ ಪಂಡಿತನ ಹೆಸರನ್ನೇ ಅದು ಹೊತ್ತಿದೆ.

ಡಿಮ್ ಸಮ್‌ಗಳಲ್ಲಿ ಕೈಚಳಕದ ಪರೀಕ್ಷೆಯೆಂದರೆ ‘ಹಾರ್ ಗಾವ್’, ಸೀಗಡಿ ತುಂಬಿದ ಪುಟ್ಟ ಕಡುಬು. ಅದರ ಹೊದಿಕೆ ಎಷ್ಟು ತೆಳುವೆಂದರೆ ಒಳಗಿನ ಸೀಗಡಿಯ ಗುಲಾಬಿ ಬಣ್ಣ ಹೊರಗೆ ಕಾಣುತ್ತದೆ. ಗುಟ್ಟು ಹಿಟ್ಟಿನಲ್ಲಿದೆ. ಗೋಧಿಹಿಟ್ಟಿನ ಅಂಟನ್ನು ತೊಳೆದು ತೆಗೆದರೆ ಉಳಿಯುವುದು ಶುದ್ಧ ಪಿಷ್ಟ. ಅದಕ್ಕೆ ಕುದಿನೀರು ಹಾಕಿ ನಾದಿ, ಲಟ್ಟಿಸಿ, ಹಬೆಯಲ್ಲಿ ಬೇಯಿಸಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಪಾರದರ್ಶಕವಾಗುತ್ತವೆ. ಹೊದಿಕೆ ಹರಿಯಬಾರದು, ಬುಟ್ಟಿಗೆ ಅಂಟಬಾರದು, ನೆರಿಗೆ ಹೆಚ್ಚಿದ್ದಷ್ಟೂ ಬಾಣಸಿಗನಿಗೆ ಮರ್ಯಾದೆ.

ಮೇಜಿನ ಶಿಷ್ಟಾಚಾರಗಳೂ ಸ್ವಾರಸ್ಯಕರ. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು; ಅದೇ ಧನ್ಯವಾದ. ಮಾರುವೇಷದಲ್ಲಿ ತಿರುಗುತ್ತಿದ್ದ ಚಕ್ರವರ್ತಿ ಚಿಯನ್‌ಲಾಂಗ್ ತನ್ನ ಸೇವಕರಿಗೆ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಅವರು ಬೆರಳುಗಳನ್ನೇ ಮಂಡಿಯೂರಿಸಿದರಂತೆ. ಕಥೆ ನಿಜವೋ ಸುಳ್ಳೋ, ಬೆರಳು ತಟ್ಟುವ ಪದ್ಧತಿಯಂತೂ ಉಳಿದಿದೆ. ಕೆಟಲಿನ ಮುಚ್ಚಳ ತೆರೆದಿಟ್ಟರೆ ‘ಬಿಸಿನೀರು ತುಂಬಿ’ ಎಂದು ಅರ್ಥ, ಕೂಗಬೇಕಾಗಿಲ್ಲ.

ಗಂಜಿ, ಎಣ್ಣೆಯ ಭೂತ, ರೇಷ್ಮೆ ಕಾಲುಚೀಲ

ಚಹಾಮಂದಿರಕ್ಕಿಂತ ಅಗ್ಗದ ಜಾಗ ಗಂಜಿ ಅಂಗಡಿ. ಅಕ್ಕಿ ಕರಗಿ ಬೆಣ್ಣೆಯಂತಾಗುವವರೆಗೆ ಗಂಟೆಗಟ್ಟಲೆ ಕುದಿಸಿದ ಗಂಜಿಗೆ ‘ಜುಕ್’ ಎನ್ನುತ್ತಾರೆ. ಮೀನು, ಮಾಂಸ, ಮೊಟ್ಟೆ ಬೆರೆಸಿ ಉಣ್ಣುವುದು ವಾಡಿಕೆ. ಜ್ವರ ಬಂದವನಿಗೂ ಅದೇ, ರಾತ್ರಿಪಾಳಿ ಮುಗಿಸಿ ಬಂದ ಕೂಲಿಗೂ ಅದೇ. ನೆಂಚಿಕೊಳ್ಳಲು ಮೊಳಕೈಯಷ್ಟು ಉದ್ದದ ಕರಿದ ಹಿಟ್ಟಿನ ಕೋಲು, ‘ಯಾವ್ ಜಾ ಗ್ವಾಯ್’. ಹಾಗೆಂದರೆ ಎಣ್ಣೆಯಲ್ಲಿ ಕರಿದ ಭೂತ! ಹನ್ನೆರಡನೆಯ ಶತಮಾನದಲ್ಲಿ ಯುಯೆ ಫೈ ಎಂಬ ನಿಷ್ಠಾವಂತ ಸೇನಾನಿಯನ್ನು ಸಂಚುಹೂಡಿ ಕೊಲ್ಲಿಸಿದ ಮಂತ್ರಿ ಚಿನ್ ಹುಯಿ ಮತ್ತು ಅವನ ಹೆಂಡತಿಯ ಮೇಲಿನ ಸಿಟ್ಟಿಗೆ ಜನ ಹಿಟ್ಟಿನ ಎರಡು ಗೊಂಬೆಗಳನ್ನು ಅಂಟಿಸಿ ಎಣ್ಣೆಗೆ ಹಾಕಿದರೆಂದು ಪ್ರತೀತಿ. ಇಂದಿಗೂ ಆ ಕೋಲು ಜೋಡಿಯಾಗಿಯೇ ಇರುತ್ತದೆ.

ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ್ದು ‘ಚಾ ಚಾನ್ ಟೆಂಗ್’. ಬ್ರಿಟಿಷರ ಹೋಟೆಲುಗಳಲ್ಲಿ ಕಾಲಿಡಲಾಗದ ಸಾಮಾನ್ಯರಿಗೆ ಬ್ರೆಡ್ಡು, ಮೊಟ್ಟೆ, ಮ್ಯಾಕರೋನಿಗಳನ್ನು ಅಗ್ಗದ ದರದಲ್ಲಿ, ತಮ್ಮದೇ ರುಚಿಗೆ ತಿರುಗಿಸಿ ಕೊಟ್ಟ ಜಾಗ ಅದು. ಇಲ್ಲಿನ ರಾಜ ಹಾಲಿನ ಚಹಾ. ಹಲವು ಬಗೆಯ ಸಿಲೋನ್ ಚಹಾಪುಡಿ ಬೆರೆಸಿ, ಬಟ್ಟೆಯ ಚೀಲದಲ್ಲಿ ಹಾಕಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿದು, ಸಾಂದ್ರಗೊಳಿಸಿದ ಹಾಲು ಸೇರಿಸುತ್ತಾರೆ. ಚಹಾ ಬಣ್ಣ ಹಿಡಿದ ಚೀಲ ಕಾಲುಚೀಲದಂತೆ ಕಾಣುವುದರಿಂದ ಅದಕ್ಕೆ ‘ರೇಷ್ಮೆ ಕಾಲುಚೀಲದ ಚಹಾ’ ಎಂಬ ಅಡ್ಡಹೆಸರು. 1952ರಲ್ಲಿ ಶುರುವಾದ ‘ಲಾನ್ ಫಾಂಗ್ ಯುಯೆನ್’ ಇದು ತನ್ನದೇ ಸೃಷ್ಟಿ ಎನ್ನುತ್ತದೆ. 2017ರಲ್ಲಿ ಈ ಚಹಾ ತಯಾರಿಕೆಯ ಕಲೆ ಹಾಂಗ್‌ಕಾಂಗ್‌ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿತು. ಜೊತೆಗೆ ಬರುವ ‘ಅನಾನಸ್ ಬನ್ನಿ’ನಲ್ಲಿ ಅನಾನಸ್ ಹುಡುಕಬಾರದು, ಮೇಲಿನ ಸಕ್ಕರೆಯ ಪದರ ಬಿರುಕುಬಿಟ್ಟು ಆ ಹಣ್ಣಿನ ಸಿಪ್ಪೆಯಂತೆ ಕಾಣುತ್ತದೆ, ಅಷ್ಟೇ.

ಬಟ್ಟಲಿನಲ್ಲೊಂದು ಪ್ರಯೋಗಶಾಲೆ

ಸಿಹಿತಿಂಡಿಗಳಂತೂ ರಸಾಯನಶಾಸ್ತ್ರದ ಪಾಠವೇ ಸರಿ. ಬಿಸಿ ಹಾಲನ್ನು ಹಸಿಶುಂಠಿಯ ರಸದ ಮೇಲೆ ಸುರಿದು ಸುಮ್ಮನೆ ಬಿಟ್ಟರೆ ಕೆಲವೇ ನಿಮಿಷದಲ್ಲಿ ಹಾಲು ಗಿಣ್ಣಿನಂತೆ ಗಟ್ಟಿಯಾಗುತ್ತದೆ. ಹೆಪ್ಪಿಲ್ಲ, ಹುಳಿಯಿಲ್ಲ. ಶುಂಠಿಯಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಹೆಣೆಯುವಂತೆ ಮಾಡುತ್ತದೆ. ಹಾಲು ಸುಮಾರು 70 ಡಿಗ್ರಿ ಸೆಲ್ಸಿಯಸ್ ಇರಬೇಕು. ಕುದಿಯುತ್ತಿದ್ದರೆ ಕಿಣ್ವ ಸಾಯುತ್ತದೆ, ತಣ್ಣಗಿದ್ದರೆ ಕೆಲಸ ಮಾಡುವುದಿಲ್ಲ. ಉಷ್ಣತಾಮಾಪಕ ಮುಟ್ಟದ ಅಜ್ಜಿಯರಿಗೆ ಇದು ಕೈ ಅಂದಾಜಿನಲ್ಲೇ ಗೊತ್ತು.

‘ಎರಡು ಕೆನೆಯ ಹಾಲು’ ಇನ್ನೊಂದು. ಶುಂಡೆ ಪ್ರಾಂತದ ಈ ತಿಂಡಿಗೆ ಮೂಲದಲ್ಲಿ ಎಮ್ಮೆಯ ಹಾಲೇ ಆಗಬೇಕು. ಕೆನೆ ಕಟ್ಟಿದ ಹಾಲನ್ನು ಕೆನೆ ಹರಿಯದಂತೆ ಬಗ್ಗಿಸಿ, ಮೊಟ್ಟೆಯ ಬಿಳಿಭಾಗ, ಸಕ್ಕರೆ ಬೆರೆಸಿ ಮತ್ತೆ ಅದೇ ಬಟ್ಟಲಿಗೆ ಸುರಿದು ಹಬೆಯಲ್ಲಿಟ್ಟರೆ ಮೊದಲ ಕೆನೆಯ ಕೆಳಗೆ ಎರಡನೆಯದು ಕಟ್ಟುತ್ತದೆ. ಶಾಮ್ ಶುಯಿ ಪೋ ಬಡಾವಣೆಯ ಹಳೆಯ ಅಂಗಡಿಗಳಲ್ಲಿ ಸೋಯಾ ಹಾಲಿಗೆ ಜಿಪ್ಸಮ್ ಬೆರೆಸಿ ಮಾಡುವ ‘ದೌ ಫು ಫಾ’ ಸಿಗುತ್ತದೆ. ಜಿಪ್ಸಮ್‌ನ ಕ್ಯಾಲ್ಸಿಯಂ ಸೋಯಾ ಪ್ರೋಟೀನುಗಳನ್ನು ಬೆಸೆಯುತ್ತದೆ. ನಾಲಿಗೆಯ ಮೇಲಿಟ್ಟರೆ ಕರಗುವ ಅದಕ್ಕೆ ಬೆಲ್ಲದ ಪಾಕವೇ ಸಂಗಾತಿ. ಅಕ್ಕಿಹಿಟ್ಟು, ಕಂದು ಸಕ್ಕರೆ, ಕೆಂಪು ಕಾಳು ಬೆರೆಸಿ ಪಿಂಗಾಣಿ ಬಟ್ಟಲಿನಲ್ಲಿ ಬೇಯಿಸುವ ‘ಪುಟ್ ಚಾಯ್ ಕೋ’ವನ್ನು ಎರಡು ಬಿದಿರುಕಡ್ಡಿ ಚುಚ್ಚಿ ಕೈಗೆ ಕೊಡುತ್ತಾರೆ. ಹುದುಗು ಬಂದ ಅಕ್ಕಿಹಿಟ್ಟಿನ ‘ಬಾಕ್ ಟಾಂಗ್ ಗೋ’ ತಿಂದ ಕನ್ನಡಿಗರಿಗೆ ಸಿಹಿ ಇಡ್ಲಿಯ ನೆನಪಾಗದೆ ಇರದು.

ಆರುತ್ತಿರುವ ಒಲೆಗಳು

ಆದರೆ ಈ ಬಟ್ಟಲುಗಳ ಭವಿಷ್ಯ ಅಷ್ಟು ಸಿಹಿಯಾಗಿಲ್ಲ. ರಸ್ತೆಬದಿಯ ಹಸಿರು ತಗಡಿನ ‘ದಾಯ್ ಪಾಯ್ ಡಾಂಗ್’ಗಳಿಗೆ 1956ರ ನಂತರ ಹೊಸ ಪರವಾನಗಿ ಕೊಡುವುದು ನಿಂತಿತು. ಮಾಲೀಕ ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಮಾತ್ರ ಅದು ವರ್ಗವಾಗುತ್ತಿತ್ತು, ಮಕ್ಕಳಿಗಿಲ್ಲ. ಹೀಗಾಗಿ ಒಬ್ಬೊಬ್ಬರು ಕಣ್ಣುಮುಚ್ಚಿದಂತೆ ಒಂದೊಂದು ಒಲೆ ಆರಿತು. ಒಳಗಿನ ಅಂಗಡಿಗಳಿಗೆ ಬಾಡಿಗೆಯೇ ಶತ್ರು. ನಸುಕಿನ ಮೂರಕ್ಕೆ ಎದ್ದು ಹಿಟ್ಟು ನಾದುವ ಕೆಲಸಕ್ಕೆ ಹೊಸ ತಲೆಮಾರಿನವರು ಬರುವುದೂ ಅಪರೂಪ. 2022ರಲ್ಲಿ ಲಿನ್ ಹ್ಯೂಂಗ್ ಬಾಗಿಲು ಹಾಕಿತು. ಅದೇ ವರ್ಷ ಯಾವ್ ಮಾ ಟೇಯಲ್ಲಿ 1950ರಿಂದ ನಡೆದಿದ್ದ ‘ಮಿಡೊ ಕೆಫೆ’ಯೂ ಮುಚ್ಚಿತು. ಆಮೇಲೆ ಎರಡೂ ಮತ್ತೆ ತೆರೆದವಾದರೂ, ಹಳೆಯದೆಲ್ಲ ಒಂದು ಬೆಳಿಗ್ಗೆ ಇಲ್ಲವಾಗಬಹುದು ಎಂಬ ಅಳುಕನ್ನು ಊರಿಗೆ ಹಚ್ಚಿಹೋದವು.

ಮುಚ್ಚಿದ ಬಾಗಿಲಿನೊಂದಿಗೆ ಹೋಗುವುದು ತಿಂಡಿಯೊಂದೇ ಅಲ್ಲ. ಕಿಷ್ಕಿಂಧೆಯಂಥ ಮನೆಗಳ ಆ ಊರಿನಲ್ಲಿ ಒಂಟಿ ಮುದುಕನೊಬ್ಬನಿಗೆ ಚಹಾಮಂದಿರದ ಕುರ್ಚಿಯೇ ಪಡಸಾಲೆ. ಪಕ್ಕದ ಅಪರಿಚಿತನೇ ನೆಂಟ. ಪಾಕವಿಧಾನವನ್ನು ಪುಸ್ತಕದಲ್ಲಿ ಬರೆದಿಡಬಹುದು, ಆ ಕುರ್ಚಿಯನ್ನು ಬರೆದಿಡಲಾಗದು.

ಹೋಗುವವರಿಗೆ ಎರಡು ಮಾತು. ಮೆಟ್ರೋದ ಕೆಂಪು ಗೆರೆಯ ತ್ಸುಯೆನ್ ವಾನ್ ಮಾರ್ಗವೊಂದರಲ್ಲೇ ಸೆಂಟ್ರಲ್, ಯಾವ್ ಮಾ ಟೇ, ಶಾಮ್ ಶುಯಿ ಪೋ ಎಲ್ಲವೂ ಸಿಗುತ್ತವೆ. ಮೇಜನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕು, ಮಾಣಿಯ ಒರಟುತನಕ್ಕೆ ಬೇಸರಪಡಬಾರದು. ಸಸ್ಯಾಹಾರಿಗಳು ಬನ್ನು, ಬಿಸ್ಕತ್ತುಗಳಲ್ಲೂ ಹಂದಿಕೊಬ್ಬು ಇರಬಹುದೆಂದು ಕೇಳಿಯೇ ತಿನ್ನಬೇಕು. ದೌ ಫು ಫಾ, ಪುಟ್ ಚಾಯ್ ಕೋ, ಶುಂಠಿ ಹಾಲು ಅವರ ಪಾಲಿಗಿವೆ. ಚಹಾ ಬಗ್ಗಿಸಿದವರಿಗೆ ಎರಡು ಬೆರಳು ತಟ್ಟಲು ಮರೆಯದಿದ್ದರೆ ಭಾಷೆ ಬಾರದಿದ್ದರೂ ನಡೆದೀತು. ಎದುರಿನ ಹಿರಿಯರ ಮುಖದಲ್ಲಿ ನಗು ಮೂಡುವುದು ಖಂಡಿತ.